ಸಾವ್ಕಾರರ ಕಿಲೋಮೀಟರುಗಳು

ಚನ್ನವೀರ ಸಾವ್ಕಾರರ ಸೈಕಲ್ಲು ಹೈದರಾಬಾದಿನಿಂದ ಬಂದ ದಿನ ಅದಕ್ಕೆ ಕಾಯಿ ಒಡೆದರು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು, ಐದು ಮಂದಿ ಮುತ್ತೈದೆಯರು ಆರತಿ ಬೆಳಗಿದರು. ಆಮೇಲೆ ಅದನ್ನು ಪಡಸಾಲೆಯ ಗೋಡೆಗೆ ನೇತುಹಾಕಿದರು. ಟೈರಿಗೆ ರಾಯಚೂರಿನ ಧೂಳು ತಾಗಬಾರದಲ್ಲ!

ಸಾವ್ಕಾರರಿಗೆ ಐವತ್ತೆರಡು ವರ್ಷ, ಜೊತೆಗೆ ಸಕ್ಕರೆ ಕಾಯಿಲೆ. ದಿನಾ ಒಂದು ತಾಸು ಸೈಕಲ್ ಹೊಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಇನ್ನೂರು ಹೆಜ್ಜೆ ದೂರದ ಮಠಕ್ಕೆ ಕಾರಿನಲ್ಲಿ ಹೋಗಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕಾರಿನಲ್ಲೇ ಮರಳುವ ಮನುಷ್ಯ, ಪಾಪ, ಮೂರು ದಿನ ಸೈಕಲ್ ಹೊಡೆದರು. ನಾಲ್ಕನೆಯ ದಿನ ಮೊಣಕಾಲು ನೋವು ಬಂತು. ಐದನೆಯ ದಿನ ಸಂಘ ಕಟ್ಟಿದರು.

ಸಂಘದ ಹೆಸರು 'ಹಸಿರು ಗಾಲಿ ಬಳಗ'. ಅಧ್ಯಕ್ಷರು ಅವರೇ. ಕಾರ್ಯದರ್ಶಿ ಆನಂದ ಎಂಬ ರಸ್ತೆ ಕಂಟ್ರ್ಯಾಕ್ಟರು. ಹಿಂದಿನ ವರ್ಷವಷ್ಟೇ ರಸ್ತೆ ಅಗಲ ಮಾಡುವ ನೆಪದಲ್ಲಿ ಒಂದು ಸಾಲು ಬೇವಿನ ಮರ ಕಡಿಸಿದವನು. ಬಳಗದವರು ಪ್ರತಿ ರವಿವಾರ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಬರುತ್ತಿದ್ದರು. ಇಳಿದು ಮೈದಾನಕ್ಕೆ ಎರಡು ಸುತ್ತು ಹಾಕಿ, ಫೋಟೊ ತೆಗೆಸಿಕೊಂಡು, ಒಗ್ಗರಣಿ ಮಿರ್ಚಿ ತಿಂದು, ಮತ್ತೆ ಕಾರಿನಲ್ಲಿ ಮನೆಗೆ. ಸಾವ್ಕಾರರದು ಪ್ರತಿ ಸಲ ಒಂದು ಭಾಷಣ: "ಹೊಗಿ ಬಿಡಬ್ಯಾಡ್ರಿ, ಭೂಮಿತಾಯಿ ಅಳಾಕತ್ತಾಳ." ಅದೇ ಹೊತ್ತಿಗೆ ಊರಂಚಿನ ಅವರ ಅಕ್ಕಿ ಗಿರಣಿಯ ಚಿಮಣಿ ಹೊಟ್ಟು ಸುಟ್ಟ ಕರಿ ಬೂದಿಯನ್ನು ಹಿಂದಿನ ಓಣಿಯ ಮೇಲೆ ಉಗುಳುತ್ತಿತ್ತು.

ಆ ಓಣಿಯಲ್ಲಿ ಅನ್ನಪೂರ್ಣ ಇದ್ದಳು. ದೇವದುರ್ಗದ ಕೂಲಿ ಮನೆತನದ ಹೆಣ್ಣು. ಗಂಡ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ. ಅವಳು ಊರಿನ ನಾಲ್ಕು ದಿಕ್ಕಿನ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಮೊದಲನೆಯದು ನಿಜಲಿಂಗಪ್ಪ ಕಾಲೊನಿಯ ಸಾವ್ಕಾರರ ಮನೆ, ಕೊನೆಯದು ಯರಮರಸ್ ಹತ್ತಿರ. ಎಂಟನೆಯ ಇಯತ್ತೆಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲನ್ನೇ ಅವಳು ಇನ್ನೂ ಹೊಡೆಯುತ್ತಿದ್ದಳು. ಗಾಲಿ, ಚೈನು, ಸೀಟು, ಪೆಡಲು ಎಲ್ಲ ಎಷ್ಟೋ ಸಲ ಬದಲಾಗಿ, ಹಳೆಯದೆಂದು ಉಳಿದಿದ್ದು ಚೌಕಟ್ಟು ಮತ್ತು ಮುಂದಿನ ಬುಟ್ಟಿ ಮಾತ್ರ. ಪರಿಸರ ಎಂಬ ಶಬ್ದ ಅವಳು ಶಾಲೆಯಲ್ಲಿ ಒಂದು ಪಾಠದಲ್ಲಿ ಓದಿದ್ದಳು. ಆಟೋಕ್ಕೆ ಕೊಟ್ಟರೆ ದುಡಿದದ್ದರಲ್ಲಿ ಏನೂ ಉಳಿಯದು, ಅದಕ್ಕೆ ಸೈಕಲ್ಲು. ಇಷ್ಟೇ ಅವಳ ಸಿದ್ಧಾಂತ.

ಸಾವ್ಕಾರರ ಮನೆಯಲ್ಲಿ ಆ ಸೈಕಲ್ಲಿಗೆ ಒಳಗೆ ಜಾಗ ಇರಲಿಲ್ಲ. "ಟೈಲ್ಸಿಗೆ ತುಕ್ಕು ಹತ್ತತದ, ಹೊರಗ ಗಟಾರದ ಬಾಜೂ ನಿಲ್ಲಿಸು" ಎಂದು ಸಾವ್ಕಾರರ ಹೆಂಡತಿ ಸ್ವಪ್ನಾ ಮೊದಲ ದಿನವೇ ಹೇಳಿದ್ದಳು. ಎರಡು ಸಲ ಹಂದಿಗಳು ಅದನ್ನು ಗಟಾರಕ್ಕೆ ಕೆಡವಿದ್ದವು. ಅನ್ನಪೂರ್ಣ ಎತ್ತಿ, ತೊಳೆದುಕೊಂಡು ಹೋಗಿದ್ದಳು.

ಹೀಗಿರುವಾಗ ಹೈದರಾಬಾದಿನ ಒಂದು ಸಂಸ್ಥೆ 'ಹೊಗೆಯಿಲ್ಲದ ನೂರು ದಿನ' ಎಂಬ ಸ್ಪರ್ಧೆ ಹೂಡಿತು. ನೂರು ದಿನಗಳಲ್ಲಿ ಯಾರು ಹೆಚ್ಚು ದೂರ ಸೈಕಲ್ ಹೊಡೆಯುತ್ತಾರೋ ಅವರಿಗೆ 'ಹಸಿರು ಪುರುಷ' ಪ್ರಶಸ್ತಿ. ಲೆಕ್ಕ ಇಡುವುದು ಫೋನಿನೊಳಗಿನ ಒಂದು ಆ್ಯಪ್. ಪ್ರಶಸ್ತಿ ಬೇಕೇ ಬೇಕು. ಮೊಣಕಾಲು ಒಲ್ಲೆ ಎನ್ನುತ್ತದೆ. ಸಾವ್ಕಾರರು ಎರಡು ದಿನ ಯೋಚಿಸಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಅನ್ನಪೂರ್ಣಾ, ನೀ ದಿನಾ ಎಷ್ಟು ಮನಿಗೆ ಹೋಗ್ತಿ?"

"ನಾಕು ಮನಿರಿ ಸಾವ್ಕಾರ್ರ."

"ಎಲ್ಲಾ ಸೈಕಲ್ ಮ್ಯಾಲನಾ?"

"ಮತ್ತ ಹ್ಯಾಂಗ ಹೋಗ್ಲಿರಿ?"

ಸಾವ್ಕಾರರು ಜೇಬಿನಿಂದ ತಮ್ಮ ಎರಡನೆಯ ಫೋನು ತೆಗೆದರು. "ಇದನ್ನ ನಿನ್ನ ಚೀಲದಾಗ ಇಟಗೊಂಡು ತಿರುಗು. ಏನೂ ಮುಟ್ಟಬ್ಯಾಡ. ಮುಂಜಾನಿ ತಂದು ಕೊಟ್ರ ನಾ ಚಾರ್ಜ್ ಮಾಡಿ ಕೊಡ್ತೀನಿ."

"ಯಾಕ್ರಿ ಇದು?"

"ಹವಾ ಪರೀಕ್ಷೆ ಮಾಡ್ತದ. ಊರ ಹವಾ ಹ್ಯಾಂಗದ ಅಂತ ಗೊತ್ತಾಗಬೇಕಲ್ಲ, ನಮ್ಮ ಬಳಗಕ್ಕ." ಹೋಗುವಾಗ ತಿರುಗಿ ನಿಂತು, "ನಾಳಿಂದ ಸೈಕಲ್ ಒಳಗ ನಿಲ್ಲಿಸು. ನಿಮ್ಮ ಅಮ್ಮಾರಿಗೆ ನಾ ಹೇಳ್ತೀನಿ" ಎಂದರು.

ಮರುದಿನದಿಂದ ಅನ್ನಪೂರ್ಣಳ ಸೈಕಲ್ಲು ಟೈಲ್ಸಿನ ಮೇಲೆ ನಿಂತಿತು. ಸ್ವಪ್ನಾ ಅದರ ಕೆಳಗೆ ಹಳೆಯ ಗೋಣಿಚೀಲ ಹಾಸಿದಳು.

ಎರಡು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ಸ್ಟೇಷನ್ ರೋಡಿನ ಸೂಫಿಯಾ ಟೀಚರ ಮನೆಯಲ್ಲಿ ಅನ್ನಪೂರ್ಣ ಕಾಯಿಪಲ್ಲೆ ತೆಗೆಯುವಾಗ ಚೀಲದಿಂದ ಫೋನು ಜಾರಿ ಬಿತ್ತು. ಬೆಲೆಬಾಳುವ ಫೋನು ನೋಡಿ ಟೀಚರು ಹುಬ್ಬೇರಿಸಿದರು. ಅನ್ನಪೂರ್ಣ ಹವಾ ಪರೀಕ್ಷೆಯ ಕಥೆ ಹೇಳಿದಳು. ಸೂಫಿಯಾ ಎತ್ತಿ ನೋಡಿ ಜೋರಾಗಿ ನಕ್ಕರು.

"ಹವಾನೂ ಇಲ್ಲ, ಗಿವಾನೂ ಇಲ್ಲ. ನೀ ತುಳದಿದ್ದು ಎಣಸಾಕತ್ತದ ಇದು. ನೋಡಿಲ್ಲಿ, ನಿನ್ನೆ ಇಪ್ಪತ್ತಾರು ಕಿಲೋಮೀಟರ್. ಮೊನ್ನೆ ಇಪ್ಪತ್ತೆಂಟು."

"ಅಷ್ಟು ದೂರ ನಾ ಹೋಗ್ತೀನೇನ್ರಿ ದಿನಾ?" ಅನ್ನಪೂರ್ಣಳಿಗೆ ನಂಬಿಕೆಯಾಗಲಿಲ್ಲ. ಅವಳ ದುಡಿಮೆಯನ್ನು ಯಾರೂ ಎಂದೂ ಅಳೆದಿರಲಿಲ್ಲ. ಎಷ್ಟೋ ಹೊತ್ತು ಆ ಅಂಕಿಯನ್ನೇ ನೋಡಿದಳು. ಎದೆ ಉಬ್ಬಿದಂತಾಯಿತು. "ಎರಡು ತಿಂಗಳದ್ದು ಎಷ್ಟಾತ್ರಿ?"

"ಒಂದೂವರಿ ಸಾವಿರ. ಇಡೀ ಸ್ಪರ್ಧೆದಾಗ ಫಸ್ಟ್. ಆದ್ರ ಹೆಸರು ಯಾರ್ದು ಅದ ಓದು."

ಪಟ್ಟಿಯ ತುದಿಯಲ್ಲಿ ಹೆಲ್ಮೆಟ್ಟು ಹಾಕಿಕೊಂಡು, ಹೆಬ್ಬೆರಳು ಎತ್ತಿ, ಚನ್ನವೀರ ಸಾವ್ಕಾರರು ನಗುತ್ತಿದ್ದರು.

ಅನ್ನಪೂರ್ಣ ಫೋನನ್ನು ಚೀಲಕ್ಕೆ ಹಾಕಿ ಒಲೆಯ ಕಡೆ ತಿರುಗಿದಳು. ತಾನು ತಟ್ಟಿದ ರೊಟ್ಟಿಯನ್ನು ಇನ್ನೊಬ್ಬರು ತಾವೇ ತಟ್ಟಿದ್ದೆಂದು ಬಡಿಸುವುದು ಅವಳಿಗೆ ಹೊಸದಲ್ಲ. ಬೀಗರು ಬಂದಾಗ ಸ್ವಪ್ನಾ ಅಮ್ಮಾರು ಮಾಡುತ್ತಿದ್ದುದು ಅದನ್ನೇ. ಆದರೆ ರೊಟ್ಟಿಯ ಹಿಟ್ಟಾದರೂ ಅವರದು. ಈ ಕಾಲು ತನ್ನವು. ಸಂಜೆ ಮನೆಗೆ ಹೋಗುವಾಗ ಒಂದೊಂದು ಪೆಡಲು ತುಳಿಯುವಾಗಲೂ ಆ ಎತ್ತಿದ ಹೆಬ್ಬೆರಳು ಕಣ್ಣ ಮುಂದೆ ಬಂತು. ಫೋನನ್ನು ಗಟಾರಕ್ಕೆ ಎಸೆಯುವ ಮನಸ್ಸಾಯಿತು. ಎಸೆಯಲಿಲ್ಲ. ಮನೆ ತಪ್ಪಿದರೆ ಇನ್ನೊಂದು ಮನೆ ಸುಲಭಕ್ಕೆ ಸಿಗದು.

ಜನವರಿಯ ಕೊನೆಯ ರವಿವಾರ ದೇವದುರ್ಗದಲ್ಲಿ ಅವಳ ತಂಗಿ ಹುಲಿಗೆಮ್ಮಳ ಕುಬಸ ಇತ್ತು. ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಮೊದಲ ಬಸಿರು. ಅವ್ವ ತಿಮ್ಮವ್ವ ಒಂದು ತಿಂಗಳ ಮೊದಲೇ ಹೇಳಿಕಳಿಸಿದ್ದಳು. ಅನ್ನಪೂರ್ಣ ರಜೆ ಕೇಳಿದಳು, ಸ್ವಪ್ನಾ ಆಗಲಿ ಎಂದಿದ್ದಳು. ಆದರೆ ಸ್ಪರ್ಧೆಯ ನೂರನೆಯ ದಿನವೂ ಅದೇ ರವಿವಾರ ಬಂತು. ಅವತ್ತು ರಾಯಚೂರಿನಿಂದ ಮಾನ್ವಿಯವರೆಗೆ 'ಹೊಗೆಮುಕ್ತ ಜಾಥಾ', ಮಾನ್ವಿಯಲ್ಲಿ ಪ್ರಶಸ್ತಿ ಪ್ರದಾನ.

"ರಜೆ ಇಲ್ಲ" ಎಂದಳು ಸ್ವಪ್ನಾ. "ಶನಿವಾರ ಇನ್ನೂರು ಶೇಂಗಾ ಉಂಡಿ ಕಟ್ಟಬೇಕು. ರವಿವಾರ ಆ ಫೋನ್ ತಗೊಂಡು ಸೈಕಲ್ ಮ್ಯಾಲ ಮಾನ್ವಿಗೆ ಹೋಗಬೇಕು."

"ಅಮ್ಮಾರ, ತಂಗೀ ಕುಬಸರಿ. ಎಂಟು ವರ್ಷ ಆದಮ್ಯಾಲ..."

"ಎಂಟು ವರ್ಷ ತಡದಾಳ, ಇನ್ನೊಂದು ವಾರ ತಡ್ಯಾಕ ಆಗಂಗಿಲ್ಲೇನು?"

ಈ ಸಲ ಹವಾ ಪರೀಕ್ಷೆಯ ಮಾತೆತ್ತದೆ ಸಾವ್ಕಾರರು ಯೋಜನೆ ತಿಳಿಸಿ ಹೇಳಿದರು. ಅನ್ನಪೂರ್ಣ ಜಾಥಾದಿಂದ ದೂರ, ಒಬ್ಬಳೇ ಹೋಗಬೇಕು. ಬಳಗದವರ ಜೊತೆ ಕಾಣಬಾರದು. ಮಾನ್ವಿ ಎರಡು ಕಿಲೋಮೀಟರ್ ಇರುವಾಗ ಒಂದು ಪೆಟ್ರೋಲ್ ಬಂಕು ಬರುತ್ತದೆ. ಅಲ್ಲಿ ಫೋನು ಅವರ ಕೈಗೆ ಕೊಟ್ಟು, ಬಸ್ಸು ಹಿಡಿದು ಹೊರಟುಹೋಗಬೇಕು. ಉಳಿದ ಎರಡು ಕಿಲೋಮೀಟರ್ ಸಾವ್ಕಾರರೇ ಸ್ವತಃ ತುಳಿಯುತ್ತಾರೆ.

ರವಿವಾರ ಬೆಳಗ್ಗೆ ಆರಕ್ಕೆ ಹಸಿರು ಅಂಗಿ ತೊಟ್ಟ ನಲವತ್ತು ಮಂದಿ ಡೊಳ್ಳಿನ ಸದ್ದಿನಲ್ಲಿ ಹೊರಟರು. ಊರು ದಾಟಿ ಮೂರು ಕಿಲೋಮೀಟರಿಗೆ ಫೋಟೊದವನು ಹಿಂದಿರುಗಿದ. ಅವನ ಬೈಕು ಮರೆಯಾದ ಕೂಡಲೇ ಜಾಥಾ ನಿಂತಿತು. ಸೈಕಲ್ಲುಗಳು ಮೂರು ಪಿಕಪ್ ಗಾಡಿಗಳಿಗೆ ಏರಿದವು, ಸವಾರರು ಹಿಂದೆ ಬರುತ್ತಿದ್ದ ಒಂಬತ್ತು ಕಾರುಗಳಿಗೆ ಏರಿದರು. ಕಾರುಗಳ ಎ.ಸಿ. ಶುರುವಾಯಿತು. ಹೊಗೆಮುಕ್ತ ಜಾಥಾ ಡೀಸೆಲ್ ಹೊಗೆ ಬಿಡುತ್ತ ಕಲ್ಮಲದ ಕಡೆ ಓಡಿತು. ಹಿಂದೆ ಬರುತ್ತಿದ್ದ ಅನ್ನಪೂರ್ಣ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಕಲ್ಮಲದಲ್ಲಿ ರಸ್ತೆ ಒಡೆಯುತ್ತದೆ. ಒಂದು ಮಾನ್ವಿಗೆ, ಒಂದು ಗಬ್ಬೂರಿನ ಮೇಲೆ ದೇವದುರ್ಗಕ್ಕೆ. ಅಲ್ಲಿ ಬಳಗದವರು ಶಾಮಿಯಾನ ಹಾಕಿದ್ದರು. ಮೇಜಿನ ಮೇಲೆ ಬಾಳೆಹಣ್ಣು, ಮಜ್ಜಿಗೆ, ಮತ್ತು ಶನಿವಾರ ದಿನವಿಡೀ ಅನ್ನಪೂರ್ಣ ಕಟ್ಟಿದ ಶೇಂಗಾ ಉಂಡಿ. ಕಾರಿನಲ್ಲಿ ಬಂದವರು ಬೆವರಿಲ್ಲದ ಮುಖಕ್ಕೆ ಟವೆಲ್ ಒತ್ತಿಕೊಳ್ಳುತ್ತ ಎರಡೆರಡು ಉಂಡಿ ತಿಂದು ಮುಂದೆ ಹೋಗಿಯಾಗಿತ್ತು. ಕಪ್ಪು ಕನ್ನಡಕ ಹಾಕಿದ ಸ್ವಪ್ನಾ ಉಳಿದದ್ದನ್ನು ಡಬ್ಬಿಗೆ ತುಂಬಿಸುತ್ತಿದ್ದಳು. ಅನ್ನಪೂರ್ಣ ಸೈಕಲ್ಲಿನಿಂದ ಇಳಿದಳು. ರವಿಕೆ ಬೆನ್ನಿಗೆ ಅಂಟಿತ್ತು.

"ಇಲ್ಲ್ಯಾಕ ನಿಂತಿ?" ಸ್ವಪ್ನಾ ಸುತ್ತ ನೋಡಿದಳು. "ನೋಡಿದವರು ಏನಂತಾರ? ಮುಂದ ಹೋಗು."

"ಒಂದು ಉಂಡಿ ಕೊಡ್ರಿ ಅಮ್ಮಾರ. ಮುಂಜಾನಿಂದ ಹೊಟ್ಟ್ಯಾಗ ಏನಿಲ್ಲ."

"ಅವು ಸೈಕಲ್ ಹೊಡ್ಯಾವ್ರಿಗೆ ಇಟ್ಟೀವಿ ಬೇ."

ಸ್ವಪ್ನಾ ತಮಾಷೆಗೆ ಹೇಳಿದ್ದಲ್ಲ. ಹೇಳಿದ ಮೇಲೂ ಅವಳಿಗೆ ಏನೂ ಅನ್ನಿಸಲಿಲ್ಲ. ಡಬ್ಬಿಯ ಮುಚ್ಚಳ ಒತ್ತಿ ಕಾರಿನ ಕಡೆ ನಡೆದಳು. ಅನ್ನಪೂರ್ಣ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು ನಿಂತೇ ಇದ್ದಳು. ಅಳು ಬರುತ್ತದೆ ಅಂದುಕೊಂಡಳು. ಬರಲಿಲ್ಲ. ಕಾರು ಹೋದ ಮೇಲೆ ರಸ್ತೆ ದಾಟಿ ಎದುರಿನ ಚಹಾದ ಅಂಗಡಿಗೆ ಹೋದಳು.

ಅಂಗಡಿಯ ಅಲ್ಲಾಬಕ್ಷ್ ಮುದುಕ. ಶಾಮಿಯಾನದ ತಮಾಷೆಯನ್ನು ಬೆಳಗಿನಿಂದ ನೋಡುತ್ತ ಕುಳಿತಿದ್ದ. ಕೇಳದೆಯೇ ಚಹಾದ ಜೊತೆ ಎರಡು ಬನ್ನು ಇಟ್ಟ.

"ಯಾವೂರಿಗೆ ಹೊಂಟಿ ಯವ್ವಾ?"

ಮಾನ್ವಿ ಎನ್ನಬೇಕೆಂದು ಬಾಯಿ ತೆರೆದಳು. "ದೇವದುರ್ಗಕ್ಕ" ಎಂದಳು.

"ಸೈಕಲ್ ಮ್ಯಾಲನಾ? ಯಾ ಅಲ್ಲಾ! ಹಂಗಾದ್ರ ಬಿಸಲು ಏರೂದ್ರೊಳಗ ಗಬ್ಬೂರು ದಾಟಿಬಿಡು. ನೀರು ಅದನು?" ಎಂದವನೇ ಒಂದು ಬಾಟಲಿ ತುಂಬಿಸಿ ಅವಳ ಬುಟ್ಟಿಯಲ್ಲಿಟ್ಟ.

ಚಹಾ ಕುಡಿದು ಮುಗಿಯುವಷ್ಟರಲ್ಲಿ ಅವಳ ಮನಸ್ಸು ಗಟ್ಟಿಯಾಗಿತ್ತು. ಫೋನು ಚೀಲದಲ್ಲೇ ಇತ್ತು. ಇರಲಿ ಎಂದುಕೊಂಡಳು. ದೇವದುರ್ಗದ ರಸ್ತೆಗೆ ಸೈಕಲ್ಲು ತಿರುಗಿಸಿದಳು.

ಎರಡೂ ಕಡೆ ಹತ್ತಿ ಬಿಡಿಸುವ ಹೆಂಗಸರು ಬಗ್ಗಿದ್ದವರು ಎದ್ದು ನೋಡಿದರು. ಒಬ್ಬಳು ಕೂಗಿ ಎಲ್ಲಿಗೆ ಎಂದು ಕೇಳಿದಳು, ಇವಳು ಕೂಗಿ ತವರಿಗೆ ಎಂದಳು. ಹದಿನೇಳು ವರ್ಷ ಸೈಕಲ್ ಹೊಡೆದಿದ್ದಳು. ಶಾಲೆ ಬಿಟ್ಟ ಮೇಲೆ, ದಾರಿಯ ತುದಿಯಲ್ಲಿ ಯಾರದೋ ಅಡುಗೆಮನೆ ಇಲ್ಲದ ದಾರಿ ಇದೇ ಮೊದಲು. ಏರಿನಲ್ಲಿ ಇಳಿದು ದೂಡಿದಳು, ಇಳಿಜಾರಿನಲ್ಲಿ ಪೆಡಲು ಬಿಟ್ಟು ಸುಮ್ಮನೆ ಕುಳಿತಳು. ಬೇಜಾರಿನಿಂದ ಹೊರಟವಳಿಗೆ ಖುಷಿ ಯಾವಾಗ ಶುರುವಾಯಿತೋ ತಿಳಿಯಲಿಲ್ಲ.

ಅತ್ತ ಪೆಟ್ರೋಲ್ ಬಂಕಿನಲ್ಲಿ ಸಾವ್ಕಾರರು ಮುಕ್ಕಾಲು ತಾಸು ಕಾದರು. ಎರಡು ಸಲ ಮಾಡಿದ ಕರೆ ಯಾರೂ ಎತ್ತಲಿಲ್ಲ. ಮಾನ್ವಿಯಿಂದ ಆನಂದ ಮೂರು ಸಲ ಫೋನು ಮಾಡಿ ಅತಿಥಿಗಳು ಬಂದಾಗಿದೆ ಎಂದ. ಕೊನೆಗೆ ಸಾವ್ಕಾರರು ಬಾಟಲಿಯ ನೀರನ್ನು ಹಣೆಗೆ, ಅಂಗಿಗೆ ಚಿಮುಕಿಸಿಕೊಂಡು, ಆ ಫೋನಿಲ್ಲದೆಯೇ ಸೈಕಲ್ ಹತ್ತಿದರು. ಎರಡು ಕಿಲೋಮೀಟರಿನಲ್ಲಿ ಎರಡು ಸಲ ನಿಂತರು. ವೇದಿಕೆಗೆ ಬಂದಾಗ ನಿಜವಾಗಿಯೂ ಬೆವರಿದ್ದರು. ಬಾಟಲಿ ನೀರು ದಂಡವಾಯಿತು.

ವೇದಿಕೆಯ ಬದಿಗೆ ಆನಂದ ದೊಡ್ಡ ಪರದೆ ನಿಲ್ಲಿಸಿದ್ದ. ಅದರ ಮೇಲೆ ನಕ್ಷೆ, ನಕ್ಷೆಯ ಮೇಲೆ ಮೊದಲ ಸ್ಥಾನದ ಸವಾರ ಎಲ್ಲಿದ್ದಾನೆಂದು ತೋರಿಸುವ ಒಂದು ಹಸಿರು ಚುಕ್ಕೆ. ಪ್ರಶಸ್ತಿ ಕೊಡಲು ಹೈದರಾಬಾದಿನಿಂದ ಬಂದಿದ್ದ ವಿಜಯಲಕ್ಷ್ಮಿ ಮೇಡಂ ಅದನ್ನು ನೋಡಿದರು, ಪಕ್ಕದಲ್ಲಿ ಮಾಲೆ ಹಾಕಿಕೊಂಡು ಕುಳಿತಿದ್ದ ಸಾವ್ಕಾರರನ್ನು ನೋಡಿದರು. ಚುಕ್ಕೆ ಗಬ್ಬೂರಿನ ಆಚೆ ಮೆಲ್ಲಗೆ ಹೋಗುತ್ತಿತ್ತು.

ಮುಂದಿನ ಸಾಲಿನಲ್ಲಿ ಮಲ್ಲಟದಿಂದ ಬಂದಿದ್ದ ಒಬ್ಬ ರೈತ ಎದ್ದು ನಿಂತ. "ಏ, ಸಾವ್ಕಾರ್ರು ಇಲ್ಲಿ ಕುಂತಾರ, ಪರದಿ ಮ್ಯಾಲ ದೇವದುರ್ಗಕ್ಕ ಹೊಂಟಾರಲ್ಲೋ!"

ಸಭೆಯೆಲ್ಲ ನಕ್ಕಿತು. ಸಾವ್ಕಾರರು ನೀರು ಕುಡಿಯುವ ನೆಪದಲ್ಲಿ ವೇದಿಕೆಯ ಹಿಂದೆ ಓಡಿ ಇನ್ನೊಂದು ಫೋನಿನಿಂದ ಕರೆ ಮಾಡಿದರು. ಅನ್ನಪೂರ್ಣ ಒಂದು ಜಾಲಿ ಮರದ ನೆರಳಿನಲ್ಲಿ ನಿಂತು ಫೋನು ಎತ್ತಿದಳು.

"ಎಲ್ಲಿ ಸತ್ತಿ?"

"ಸತ್ತಿಲ್ರಿ ಸಾವ್ಕಾರ್ರ. ಗಬ್ಬೂರು ದಾಟೀನಿ."

"ಮಾನ್ವಿಗೆ ಬಾ ಅಂದ್ರ ಗಬ್ಬೂರಿಗ್ಯಾಕ ಹೋದಿ?"

"ತಂಗೀ ಕುಬಸ ಅದರಿ."

"ಹೊಳ್ಳಿ ಬಾ ಈಗಿಂದೀಗ! ನನ್ನ ಮಾನ ಹೋಗಾಕತ್ತದ ಇಲ್ಲಿ!"

"ನಾ ಹೊಳ್ಳಿ ಅಲ್ಲಿಗೆ ಮುಟ್ಟಾದ್ರಾಗ ಸಂಜಿ ಆಗ್ತದರಿ. ನೀವಾ ಬರ್ರಿ ಈ ಕಡೆ. ನಿಮ್ಮತ್ರನೂ ಸೈಕಲ್ ಅದಲ್ರಿ."

ಸಾವ್ಕಾರರು ಕಿರುಚಿದರು. "ಆ ಆ್ಯಪ್ ಬಂದ್ ಮಾಡು! ಫೋನಾ ಬಂದ್ ಮಾಡು!"

"ಏನೂ ಮುಟ್ಟಬ್ಯಾಡ ಅಂದಿದ್ರಿ" ಎಂದು ಅನ್ನಪೂರ್ಣ ಫೋನನ್ನು ಮತ್ತೆ ಚೀಲಕ್ಕೆ ಹಾಕಿದಳು.

ಇಷ್ಟಾದ ಮೇಲೆ ಸಾವ್ಕಾರರು ತಲೆ ತಗ್ಗಿಸಿ ಮನೆಗೆ ಹೋದರು ಎಂದು ಯಾರಾದರೂ ಅಂದುಕೊಂಡರೆ ಅವರಿಗೆ ಇಂಥ ಮಂದಿಯ ಪರಿಚಯ ಇಲ್ಲ ಎಂದೇ ಅರ್ಥ. ನೆಟ್‌ವರ್ಕಿನ ದೋಷ ಎಂದು ಆನಂದ ಮೈಕಿನಲ್ಲಿ ಘೋಷಿಸಿ ಪರದೆ ಆರಿಸಿದ. ವಿಜಯಲಕ್ಷ್ಮಿ ಮೇಡಂ ಕೈಯಲ್ಲಿದ್ದ ಕಾಗದ ತಿರುವಿ, ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು: "ಇವರ ಸವಾರಿ ದಿನಾಲೂ ನಾಲ್ಕು ಮನೆಗಳ ಮುಂದೆ ತಾಸು ತಾಸು ನಿಲ್ಲುತ್ತದಲ್ಲ, ಯಾಕೆ?"

"ಮನಿ ಮನಿಗೆ ಹೋಗಿ ಜಾಗೃತಿ ಮೂಡಸ್ತಾರ್ರಿ ಮೇಡಂ" ಎಂದ ಆನಂದ, ಕಣ್ಣು ಮಿಟುಕಿಸದೆ.

ಮೇಡಂ ತಲೆಯೆತ್ತಿ ಹಿಂದಿನ ಬ್ಯಾನರು ನೋಡಿದರು. ಅದರಲ್ಲಿ ಸ್ಪರ್ಧೆಯ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಪ್ರಾಯೋಜಕರಾದ ಸಾವ್ಕಾರರ ಗಿರಣಿಯ ಹೆಸರಿತ್ತು. ಅವರು ಕಾಗದ ಮಡಚಿ, ಎದ್ದು, ಪ್ರಶಸ್ತಿ ಕೊಟ್ಟರು. ಚಪ್ಪಾಳೆಯೂ ಬಿತ್ತು. ಮರುದಿನ ಊರಿನ ಒಂದು ಪತ್ರಿಕೆಯಲ್ಲಿ ಸುದ್ದಿ: 'ಮಾನ್ವಿಗಷ್ಟೇ ಅಲ್ಲ, ದೇವದುರ್ಗಕ್ಕೂ ತಲುಪಿದ ಹಸಿರು ಸಂದೇಶ'.

ಅನ್ನಪೂರ್ಣ ತವರು ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಇಳಿದಾಗ ಕಾಲು ನಡುಗಿ, ಸೈಕಲ್ಲಿನ ಸಮೇತ ಕಟ್ಟೆಗೆ ಒರಗಿದಳು. ತಿಮ್ಮವ್ವ ಓಡಿ ಬಂದಳು.

"ಯವ್ವಾ, ರಾಯಚೂರಿಂದ ಇದರ ಮ್ಯಾಲ ಬಂದ್ಯಾ? ಹುಚ್ಚು ಹಿಡದದೇನು ನಿನಗ?"

"ಐವತ್ತೈದು ಕಿಲೋಮೀಟರ್ ಆತಬೇ" ಎಂದಳು ಅನ್ನಪೂರ್ಣ. ಫೋನು ತೆಗೆದು ನೋಡಿಕೊಂಡೇ ಹೇಳಿದ್ದಳು.

ಒಳಗೆ ಹಸಿರು ಸೀರೆ ಉಟ್ಟ ಹುಲಿಗೆಮ್ಮ ಅಕ್ಕನನ್ನು ಕಂಡು ಅಳತೊಡಗಿದಳು. ಬರುವುದಿಲ್ಲ ಎಂದೇ ತಿಳಿದಿದ್ದಳು. ಅನ್ನಪೂರ್ಣ ಕೈಕಾಲು ತೊಳೆದು ತಂಗಿಗೆ ಬಳೆ ಇಡಿಸಿದಳು, ಉಡಿ ತುಂಬಿದಳು. ಫೋನು ಮತ್ತೆ ಮತ್ತೆ ಹೊಡೆದುಕೊಂಡಾಗ ಅದನ್ನು ಜೋಳದ ಚೀಲದೊಳಗೆ ತುರುಕಿ ಬಂದು ಊಟಕ್ಕೆ ಕುಳಿತಳು.

ಸೋಮವಾರ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ನೇರ ಸಾವ್ಕಾರರ ಮನೆಗೆ ಹೋದಳು. ಗೇಟಿನ ಹತ್ತಿರ ಹೆದರಿಕೆಯಾಯಿತು. ಆದರೂ ಒಳಗೆ ಹೋಗಿ ಫೋನನ್ನು ಮೇಜಿನ ಮೇಲೆ, ಪ್ರಶಸ್ತಿಯ ಪಕ್ಕದಲ್ಲೇ ಇಟ್ಟಳು.

"ಫೋನ್ ಕದ್ದು ಓಡಿಹೋಗಿದ್ದಿ ಅಂತ ಕಂಪ್ಲೇಂಟ್ ಕೊಡ್ತೀನಿ" ಎಂದು ಸಾವ್ಕಾರರು ಗುಡುಗಿದರು. "ಏನು ತಿಳ್ಕೊಂಡೀ ನೀನು?"

"ಕೊಡ್ರಿ. ಫೋನ್ ನಿನ್ನತ್ರ ಹ್ಯಾಂಗ ಬಂತು ಅಂತ ಪೊಲೀಸರು ಕೇಳ್ತಾರ. ನೂರು ದಿನದ್ದೂ ಹೇಳ್ತೀನ್ರಿ. ಯಾವ ಮನ್ಯಾಗ ಎಷ್ಟೊತ್ತು ನಿಂತಿತ್ತು, ಏನು ಪಲ್ಯ ಮಾಡಿತ್ತು, ಎಲ್ಲಾ ಹೇಳ್ತೀನಿ."

ಸಾವ್ಕಾರರು ಪ್ರಶಸ್ತಿಯನ್ನು ಫೋನಿನಿಂದ ದೂರ ಸರಿಸಿದರು. ಸ್ವಪ್ನಾ ಮುಂದೆ ಬಂದಳು. "ನಾಳಿಂದ ಬರಬ್ಯಾಡ ನೀ."

"ಅದನ್ನಾ ಹೇಳಿ ಹೋಗಾಕ ಬಂದೀನ್ರಿ ಅಮ್ಮಾರ."

ಹೊರಗೆ ಬಂದಳು. ಅರ್ಧ ತಾಸು ಸೈಕಲ್ ಹತ್ತಲಾಗದೆ ದೂಡಿಕೊಂಡೇ ನಡೆದಳು. ಸೂಫಿಯಾ ಟೀಚರು ಹದಿನೈದು ದಿನದೊಳಗೆ ಆಶಾಪುರ ರಸ್ತೆಯಲ್ಲಿ ಬೇರೊಂದು ಮನೆ ಹುಡುಕಿಕೊಟ್ಟರು. ಅಲ್ಲಿಯ ಗಂಡ ಹೆಂಡತಿ ಇಬ್ಬರೂ ಬ್ಯಾಂಕಿನವರು, ಸ್ಕೂಟರಿನಲ್ಲಿ ಓಡಾಡುವವರು. ಪರಿಸರದ ಬಗ್ಗೆ ಅವರಿಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಅನ್ನಪೂರ್ಣಳಿಗೆ ಅದು ದೊಡ್ಡ ನೆಮ್ಮದಿ ಎನಿಸಿತು. ಟೀಚರು ಅವಳ ಸ್ವಂತ ಸಣ್ಣ ಫೋನಿಗೇ ಆ ಆ್ಯಪ್ ಹಾಕಿಕೊಡುತ್ತೇನೆ ಎಂದಾಗ ಬೇಡ ಎಂದಳು. "ಎಷ್ಟು ಹೋಗ್ತೀನಿ ಅಂತ ಈಗ ನನಗ ಗೊತ್ತಾಗ್ಯದಲ್ರಿ."

ಸಂಸ್ಥೆಯವರು ಮುಂದಿನ ವರ್ಷವೂ ಸ್ಪರ್ಧೆ ಘೋಷಿಸಿದ್ದಾರೆ, ಈ ಸಲ ಇನ್ನೂರು ದಿನ. ಸಾವ್ಕಾರರ ಮನೆಗೆ ಅಡುಗೆ ಕೆಲಸ ಕೇಳಿಕೊಂಡು ಈವರೆಗೆ ಮೂವರು ಹೆಂಗಸರು ಬಂದು ಹೋಗಿದ್ದಾರೆ. ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಸ್ವಪ್ನಾ ಯಾರನ್ನೂ ಮೊದಲು ಕೇಳಲಿಲ್ಲ. ಮೊದಲು ಕೇಳಿದ್ದು ಒಂದೇ: "ಸೈಕಲ್ ಹೊಡ್ಯಾಕ ಬರ್ತದೇನು?"